ನಿಧಾನದ ಚುಕ್ಕೆ

ನಗೋಯಾದ ಈ ಸಂಶೋಧನಾ ಕಟ್ಟಡದಲ್ಲಿ ದೀಪ, ನಲ್ಲಿ, ಬೀಗ ನೋಡಿಕೊಳ್ಳುವ ಕೆಲಸಕ್ಕೆ ಸೇರಿ ನನಗೆ ಇಪ್ಪತ್ತು ವರ್ಷವಾಯಿತು. ಓದಿದ್ದು ಒಂಬತ್ತನೇ ತರಗತಿ. ಇಲ್ಲಿಗೆ ದೊಡ್ಡವರು ಬಹಳ ಜನ ಬಂದು ಹೋಗಿದ್ದಾರೆ, ಅವರ ಬಗ್ಗೆ ಬರೆಯುವವರೂ ಇದ್ದಾರೆ. ನಾನು ಬರೆಯಬೇಕಾದ್ದು ಮಿಯಾಚಿ ತೊಮೊಎ ಬಗ್ಗೆ. ಮೂರನೇ ಮಹಡಿಯಲ್ಲಿ ಪ್ರಯೋಗದ ತಟ್ಟೆಗಳಿಗೆ ಅಗರ್ ಎಂಬ ಪಾಚಿಯ ಲೋಳೆ ಹೊಯ್ಯುತ್ತಿದ್ದ ಹೆಂಗಸು.

ಆಕೆಯ ತವರು ಗಿಫು ಬೆಟ್ಟದ ಯಾಮಾಓಕಾ. ಅಪ್ಪ ಅಗರ್ ಮಾಡುತ್ತಿದ್ದವರು. ಕಡಲ ಪಾಚಿ ಬೇಯಿಸಿ, ಹೆಪ್ಪುಗಟ್ಟಿಸಿ, ಚಳಿಗಾಲದಲ್ಲಿ ಬರಿದಾದ ಗದ್ದೆಯಲ್ಲಿ ಚಾಪೆಯ ಮೇಲೆ ಹರವುವುದು. ರಾತ್ರಿ ಅದು ಮಂಜುಗಡ್ಡೆಯಾಗಬೇಕು, ಹಗಲು ಕರಗಿ ನೀರಿಳಿಯಬೇಕು. ಅಂಥ ಮನೆಯಲ್ಲಿ ಬೆಳೆದ ಕೈ ಅದು. ಆಕೆ ಹೊಯ್ದ ತಟ್ಟೆಯಲ್ಲಿ ಒಂದು ಗುಳ್ಳೆಯನ್ನೂ ನಾನು ನೋಡಿಲ್ಲ.

ಆ ತಟ್ಟೆಗಳ ಮೇಲೆ ಚುಕ್ಕೆ ಚುಕ್ಕೆಯಾಗಿ ಬೆಳೆಸುತ್ತಿದ್ದದ್ದು ಹಸಿರುನೀಲಿ ಬ್ಯಾಕ್ಟೀರಿಯಾ. ಕೊಳದ ನೀರಿನ ಹಸಿರು ಅನ್ನಿ. ತಲೆಯಿಲ್ಲ, ಕಣ್ಣಿಲ್ಲ, ಆದರೂ ಅದಕ್ಕೆ ಹೊತ್ತು ಗೊತ್ತು. ಮಿಂಚುಹುಳದ ಹಾಗೆ ಮಿನುಗುವ ಗುಣವನ್ನು ಅದಕ್ಕೆ ಕಸಿ ಮಾಡಿದ್ದರು. ಒಮ್ಮೆ ಹನ್ನೆರಡು ಗಂಟೆ ಕತ್ತಲು ಕೊಟ್ಟು ಎಲ್ಲವನ್ನೂ ಒಂದೇ ಹೊತ್ತಿಗೆ ಹೊಂದಿಸಿ, ಆಮೇಲೆ ದೀಪ ಆರಿಸದೆ ಇಟ್ಟರೂ ಅದು ಇಪ್ಪತ್ತೈದು ಗಂಟೆಗೊಮ್ಮೆ ಹೆಚ್ಚು ಬೆಳಗಿ ಮತ್ತೆ ಮಂಕಾಗುತ್ತಿತ್ತು. ತಟ್ಟೆಗಳು ಸರದಿಯಲ್ಲಿ ಕಪ್ಪು ಪೆಟ್ಟಿಗೆಯೊಳಗೆ ಹೋಗಿ ಕ್ಯಾಮೆರಾಗೆ ಮುಖ ತೋರಿಸಿ ಬರುತ್ತಿದ್ದವು. ಆ ಐದು ನಿಮಿಷದ ಕತ್ತಲು ಅವಕ್ಕೆ ಕಣ್ಣು ಮಿಟುಕಿಸಿದ ಹಾಗೆ. ನಾಲ್ಕು ಗಂಟೆಯ ಕತ್ತಲು ಮಾತ್ರ ಬೇರೆ. ರಾತ್ರಿಯಾಯಿತೆಂದು ನಂಬಿ ಗಡಿಯಾರವನ್ನೇ ತಿರುಗಿಸಿಕೊಂಡುಬಿಡುತ್ತವೆ. ಇದು ನನಗೆ ಆಗ ಗೊತ್ತಿರಲಿಲ್ಲ.

ಆ ವರ್ಷ ಸಾವಿರಾರು ಚುಕ್ಕೆಗಳ ಬೆಳಕಿನ ಏರಿಳಿತದ ಗೆರೆಚಿತ್ರಗಳನ್ನು ಪುಸ್ತಕಕ್ಕೆ ಅಂಟಿಸುತ್ತಿದ್ದಾಗ ಮಿಯಾಚಿ ಸಾನ್ ಒಂದರಲ್ಲಿ ಬೆರಳು ನಿಲ್ಲಿಸಿದರು. ಆ ಚುಕ್ಕೆ ಪ್ರತಿ ಸುತ್ತಿಗೂ ಎರಡು ಮೂರು ಗಂಟೆ ತಡ. ಹೀಗೆ ಗಡಿಯಾರ ಕೆಟ್ಟ ಚುಕ್ಕೆ ಸಿಕ್ಕರೆ ಆ ಗಡಿಯಾರ ಯಾವುದರಿಂದ ನಡೆಯುತ್ತದೆಂದು ಹುಡುಕಬಹುದಂತೆ, ಇವರೆಲ್ಲ ಅರಸುತ್ತಿದ್ದದ್ದು ಅದನ್ನೇ. ಪ್ರೊಫೆಸರರ ಸಹಾಯಕ ಒಸಾದಾ ಒಪ್ಪಲಿಲ್ಲ. ಅದು ತಟ್ಟೆಯ ಅಂಚಿನಲ್ಲಿದೆ, ಅಲ್ಲಿ ಅಗರ್ ತೆಳುವಾಗಿ ಒಣಗಿರಬೇಕು ಎಂದ. ಅಂದರೆ ಹೊಯ್ದ ಕೈಯ ತಪ್ಪು. ಆಕೆ ವಾದ ಮಾಡಲಿಲ್ಲ. ಇನ್ನೊಂದು ಪರೀಕ್ಷೆ, ಏಳು ದಿನದ್ದು, ಕೇಳಿಕೊಂಡರು. ಅದರಲ್ಲಿ ತಡ ಕಾಣದಿದ್ದರೆ ಹೊಸ ವರ್ಷಕ್ಕೆ ಮೊದಲು ಹಳೇ ತಟ್ಟೆಗಳ ಜೊತೆ ಆ ಚುಕ್ಕೆಯೂ ಕಸಕ್ಕೆ.

ನಾಲ್ಕನೆಯ ದಿನ ವರ್ಷಾಂತ್ಯದ ದೊಡ್ಡ ಸ್ವಚ್ಛತೆ ಬಂತು. ನಮ್ಮಲ್ಲಿ ಹಳೇ ವರ್ಷದ ಕೊಳೆ ಹೊಸ ವರ್ಷಕ್ಕೆ ದಾಟಬಾರದು. ಕೆಳಮಹಡಿಯಲ್ಲಿ ಯಾರೋ ಬಕೆಟ್ ಉರುಳಿಸಿದ್ದರಿಂದ ನನಗೆ ಬೆಳಗ್ಗೆಯೇ ತಲೆ ಕೆಟ್ಟಿತ್ತು. ಮೂರನೇ ಮಹಡಿಯಲ್ಲಿ ತಟ್ಟೆಗಳಿದ್ದ ಕೋಣೆಯ ಬಾಗಿಲು ಒರೆಸುವಾಗ ಅದರ ತುಂಬ ಚೀಟಿ, ಜಿಗುಟು ಟೇಪು. ಓದದೆ ಎಲ್ಲಾ ಕಿತ್ತು ಹಾಕಿದೆ. ಒಳಗೆ ಟ್ಯೂಬ್‌ಲೈಟುಗಳ ಮೇಲೆ ಬೆರಳು ದಪ್ಪ ಧೂಳು. ಸ್ವಿಚ್ ಆರಿಸಿ, ಬಾಗಿಲಿನ ಬೆಳಕಲ್ಲಿ ಏಣಿ ಹತ್ತಿ ಒಂದೊಂದೇ ಟ್ಯೂಬು ಬಿಚ್ಚಿ, ತೊಳೆದು, ಒಣಗಿಸಿ, ಊಟವನ್ನೂ ಮುಗಿಸಿ ಬಂದು ಹಾಕಿದೆ. ನಾಲ್ಕು ಗಂಟೆ. ಕೋಣೆ ಫಳಫಳ ಹೊಳೆಯುವುದನ್ನು ನೋಡಿ ಖುಷಿಪಟ್ಟೆ.

ಸಂಜೆ ಮಿಯಾಚಿ ಸಾನ್ ಕೆಳಗೆ ಬಂದು, ದೀಪ ಆರಿಸಿದ್ದಿರಾ ಎಂದು ಮೆಲ್ಲಗೆ ಕೇಳಿದರು.

"ಆರಿಸದೆ ಟ್ಯೂಬ್ ತೊಳೀತಾರೇನ್ರೀ? ಕರೆಂಟ್ ಹೊಡೆದು ಸಾಯಲಾ?" ಎಂದೆ.

ಆಕೆ ತಲೆಬಾಗಿ ಹೋದರು. ಕಸದ ಚೀಲ ಕಟ್ಟುವಾಗ ಆ ಬಾಗಿಲಿಂದ ಕಿತ್ತ ಚೀಟಿಯೊಂದು ಕೈಗೆ ಬಂತು. ಆಕೆಯ ಗುಂಡು ಅಕ್ಷರ: ಏಳು ದಿನ ದೀಪ ಆರಿಸಬೇಡಿ, ದಯವಿಟ್ಟು.

ಓಡಿ ಮೇಲೆ ಹೋದೆ. ಪ್ರೊಫೆಸರ್ ನಿಂತಿದ್ದರು, ಒಸಾದಾ ಇದ್ದ. ಚೀಟಿ ಏನಾಯಿತು ಎಂದು ಕೇಳಿದ್ದಕ್ಕೆ ಆಕೆ ಹೇಳುತ್ತಿದ್ದರು: "ನನ್ನ ಟೇಪು ಸರಿಯಾಗಿ ಅಂಟಿರ್ಲಿಲ್ಲ, ಸೆನ್ಸೇ. ತಪ್ಪು ನಂದೇ."

"ಸುಳ್ಳು," ಎಂದೆ ಬಾಗಿಲಲ್ಲೇ. "ಕಿತ್ತಿದ್ದು ನಾನು. ಓದಲೂ ಇಲ್ಲ. ಇನ್ನೊಂದ್ಸಲ ಮಾಡೋಕೆ ಬಿಡಿ."

ನಾಳಿದ್ದಿನಿಂದ ರಜೆ, ಎಲ್ಲರೂ ಊರಿಗೆ ಹೋಗುತ್ತಾರೆ, ದೀಪ ಕಾಯುವವರು ಯಾರು ಎಂದರು ಪ್ರೊಫೆಸರ್.

"ಆರಿಸಿದವನೇ ಕಾಯ್ತೀನಿ."

ಮಾರನೆಯ ದಿನ ಆಕೆ ಹೊಸದಾಗಿ ಅಗರ್ ಹೊಯ್ದರು. ಚುಕ್ಕೆಯನ್ನು ಹಲ್ಲುಕಡ್ಡಿಯ ತುದಿಯಲ್ಲಿ ಎತ್ತಿ ಈ ಸಲ ತಟ್ಟೆಯ ನಟ್ಟನಡುವೆ ಇಟ್ಟರು. ನಾನು ಹಲಗೆಯೊಂದರ ಮೇಲೆ ಅದೇ ಮಾತು ಬರೆದು ಬಾಗಿಲಿಗೆ ನಾಲ್ಕು ಸ್ಕ್ರೂ ಹಾಕಿ ಬಿಗಿದೆ. ರಜೆಯಲ್ಲಿ ದಿನಾ ಬಂದು ಟ್ಯೂಬುಗಳನ್ನು ಎಣಿಸಿದೆ. ವರ್ಷದ ಮೊದಲ ದಿನ ಮಿಯಾಚಿ ಸಾನ್ ಮೋಚಿ ಎಂಬ ಅಕ್ಕಿಯ ಮುದ್ದೆ ಹಾಕಿದ ಬಿಸಿ ಸಾರು ತಂದರು. ಮೆಟ್ಟಿಲ ಮೇಲೆ ಕೂತು ಕುಡಿದೆವು. ನನ್ನ ಹೆಸರು ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಅಷ್ಟು ಚೆನ್ನಾಗಿ ಟ್ಯೂಬ್ ತೊಳೆದೋರನ್ನ ಹೇಗೆ ಬೈಯೋದು, ಉಕಾಯ್ ಸಾನ್?" ಎಂದು ನಕ್ಕರು. "ನಮ್ಮಪ್ಪಾನೂ ನಿಮ್ಮ ಹಾಗೇ. ಮೊದಲು ಕೂಗೋದು, ಆಮೇಲೆ ಓದೋದು."

ಏಳು ದಿನದ ಗೆರೆಗಳನ್ನು ಮೇಜಿನ ಮೇಲೆ ಹರಡಿದಾಗ ನಾನೂ ಇಣುಕಿದೆ. ಬೇರೆಲ್ಲ ಚುಕ್ಕೆಗಳು ಒಂದೇ ಸಾಲಿನಲ್ಲಿ ಏರಿಳಿದಿದ್ದವು. ನಡುವಿನದು ಸುತ್ತಿಗೆ ಮೂರು ಗಂಟೆಯಂತೆ ಹಿಂದೆ ಬಿದ್ದು, ಕೊನೆಗೆ ಮುಕ್ಕಾಲು ದಿನ ತಡವಾಗಿತ್ತು. ಒಸಾದಾ ಅಳತೆಪಟ್ಟಿ ಇಟ್ಟು ಎರಡು ಸಲ ಅಳೆದ. ಆಮೇಲೆ ಆಕೆಯ ಕಡೆ ತಿರುಗಿ ಸೊಂಟ ಬಗ್ಗಿಸಿ, ಅಗರ್ ಸರಿಯಾಗೇ ಇತ್ತು ಎಂದ.

ಈಗ ಇವರೆಲ್ಲ ಹೇಳುವುದೇನೆಂದರೆ, ಆ ಗಡಿಯಾರ ಮೂರು ಪ್ರೋಟೀನುಗಳ ಕೆಲಸವಂತೆ. ಒಂದು ಹಗಲೆಲ್ಲ ಮೈಗೆ ಫಾಸ್ಫೇಟ್ ಅಂಟಿಸಿಕೊಳ್ಳುತ್ತದೆ, ಎರಡನೆಯದು ಹುರಿದುಂಬಿಸುತ್ತದೆ, ಮೂರನೆಯದು ಬಂದು ತಡೆದಾಗ ಅಂಟಿದ್ದೆಲ್ಲ ಕಳಚುತ್ತದೆ. ಮೂರನ್ನೂ, ಅವುಗಳ ಶಕ್ತಿಗೆ ಬೇಕಾದದ್ದನ್ನೂ ಗಾಜಿನ ಕೊಳವೆಗೆ ಹಾಕಿದರೆ ಅಲ್ಲೇ ದಿನ ಎಣಿಸುತ್ತವಂತೆ. ನಂಬುತ್ತೇನೆ. ಎಣಿಸಿದ್ದನ್ನು ನಾನೇ ಕಂಡಿದ್ದೇನಲ್ಲ.

ಮಿಯಾಚಿ ಸಾನ್ ನಿವೃತ್ತಿಯಾಗಿ ಯಾಮಾಓಕಾಕ್ಕೆ ಹೋದರು. ಪ್ರತಿ ಚಳಿಗಾಲ ಒಂದು ಕಟ್ಟು ಅಗರ್ ಕಳಿಸುತ್ತಾರೆ. ಆ ಚುಕ್ಕೆಯ ಸಂತತಿ ಮೂರನೇ ಮಹಡಿಯ ಫ್ರೀಜರಿನಲ್ಲಿದೆ. ಹಲಗೆ ಬಾಗಿಲಲ್ಲೇ ಇದೆ. ದೊಡ್ಡ ಸ್ವಚ್ಛತೆಯ ದಿನ ಇಡೀ ಕಟ್ಟಡ ತೊಳೆಯುತ್ತೇನೆ, ಆ ಕೋಣೆಯ ಟ್ಯೂಬುಗಳ ಧೂಳನ್ನು ಮಾತ್ರ ಹಾಗೇ ಹೊಸ ವರ್ಷಕ್ಕೆ ದಾಟಿಸುತ್ತೇನೆ.