ಅಮರಪ್ಪನವರ ತೋಳಿನ ನಕ್ಷತ್ರ

ಹೊರಮಾವಿನ ಅಮರಪ್ಪನವರು ನಕ್ಷತ್ರ ನೋಡಿ ಯುದ್ಧದ ಹಡಗಿಗೆ ದಾರಿ ತೋರಿಸಿದವರು ಎಂದು ಅನಂತರಾಮು ಮೂರು ವಾರ ನಂಬಿದ್ದರು. ನಂಬಿ ಸುಮ್ಮನಿದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಅನಂತರಾಮು ಸುಮ್ಮನಿರುವ ಆಸಾಮಿಯಲ್ಲ.

ವಿಮಾ ಕಚೇರಿಯಿಂದ ನಿವೃತ್ತರಾದ ಮೇಲೆ ಅವರು ಇಂದಿರಾನಗರದ ಮನೆಯ ಒಂದು ಕೋಣೆಯ ತುಂಬ ಹಳೆಯ ಸಮವಸ್ತ್ರಗಳನ್ನು ನೇತುಹಾಕಿಕೊಂಡಿದ್ದರು. ತೋಳಿನ ಬಿಲ್ಲೆ ನೋಡಿ ತೊಟ್ಟವನ ಕೆಲಸ ಹೇಳುವ ವಿದ್ಯೆ ಅವರಿಗೆ ಒಲಿದಿತ್ತು. ವಿದ್ಯೆ ಎಂದರೆ ಒಂದು ಪುಸ್ತಕ. ಅದರಲ್ಲೂ ಮೊದಲ ನಲವತ್ತು ಪುಟ. ಹೆಂಡತಿ ಜಲಜಾ ಆ ಕೋಣೆಯನ್ನು ‘ಇಸ್ತ್ರಿ ಅಂಗಡಿ’ ಎನ್ನುತ್ತಿದ್ದರು.

ಅಮರಪ್ಪನವರ ಮೊಮ್ಮಗಳು ಪೂಜಿತಾ, ಟ್ರಂಕಿನಲ್ಲಿ ಸಿಕ್ಕ ಬಿಳಿ ಸಮವಸ್ತ್ರವನ್ನು ಅಲ್ಲಿಗೆ ತಂದಳು.

“ತಾತ ನೇವಿಲಿದ್ರು ಅಂತ ಗೊತ್ತು ಅಂಕಲ್. ಏನ್ ಮಾಡ್ತಿದ್ರಿ ಅಂದ್ರೆ ಮಾತ್ರ ಹೇಳಲ್ಲ.”

“ದೊಡ್ಡ ಕೆಲಸ ಮಾಡಿದವ್ರು ಹೇಳ್ಕೊಳ್ಳಲ್ಲ ಕಣಮ್ಮ,” ಎಂದರು ಅನಂತರಾಮು, ತಮ್ಮನ್ನು ಮರೆತು. ತೋಳಿನ ಮೇಲೆ ನೀಲಿ ದಾರದ ನಕ್ಷತ್ರವಿತ್ತು. ನಕ್ಷತ್ರ ಅಂದ ಮೇಲೆ ಇನ್ನೇನು? ತೋಳಿನಂಚಿನ ಹಳದಿ ಕಲೆಯನ್ನೂ ಬಿಡದೆ ‘ಸಿಡಿಮದ್ದು’ ಎಂದು ವಿವರಿಸಿದರು.

ಪೂಜಿತಾಳ ಅಪಾರ್ಟ್‌ಮೆಂಟಿನವರು ಗಣರಾಜ್ಯೋತ್ಸವಕ್ಕೆ ತಾತನಿಗೆ ಸನ್ಮಾನ ಎಂದು ಗೊತ್ತುಮಾಡಿದರು. ‘ನಕ್ಷತ್ರ ಓದಿ ಹಡಗು ನಡೆಸಿದ ನಾವಿಕ’ ಎಂದು ಆರಡಿ ಬೋರ್ಡು ಬರೆಸಿದವರು ಅನಂತರಾಮುವೇ. ಸುದ್ದಿ ಕೇಳಿ ಎಂಬತ್ತು ದಾಟಿದ ಅಮರಪ್ಪನವರು ತಲೆ ತಗ್ಗಿಸಿದರು. ಅದನ್ನೂ ಅನಂತರಾಮು ವಿನಯ ಎಂದು ಓದಿಕೊಂಡರು.

ಸನ್ಮಾನಕ್ಕೆ ಎರಡು ದಿನವಿತ್ತು. ಸಮವಸ್ತ್ರದಲ್ಲಿ ನುಸಿ ತಿಂದ ತೂತೊಂದನ್ನು ಮುಚ್ಚಿಸಲು ಅವರು ರಸೆಲ್ ಮಾರುಕಟ್ಟೆಯ ಹಿಂದಿನ ಓಣಿಗೆ, ರಫೂ ಹಾಕುವ ಮುದಸ್ಸಿರನ ಬಳಿಗೆ ಹೋದರು. ಅವನು ತೋಳನ್ನು ಬೆಳಕಿಗೆ ಹಿಡಿದ.

“ಇಲ್ಲಿ ಏನಿತ್ತು ಸಾಬ್?”

“ನಕ್ಷತ್ರ ಕಾಣ್ತಾ ಇಲ್ವೇನಯ್ಯ?”

“ಅದರ ಕೆಳಗೆ ನೋಡಿ.”

ಸೂಜಿಯ ಸಣ್ಣ ತೂತುಗಳು ಅರ್ಧಚಂದ್ರಾಕಾರದಲ್ಲಿ ನಿಂತಿದ್ದವು. ಒಂದರಲ್ಲಿ ನೀಲಿ ದಾರದ ಚೂರು.

“ಇಂಗ್ಲಿಷ್ ‘ಸಿ’ ಇತ್ತು. ಬ್ಲೇಡಲ್ಲಿ ತೆಗ್ದಿದಾರೆ, ಪಾಪ, ಹುಷಾರಾಗಿ. ಮತ್ತೆ ಈ ಅರಿಶಿನ ಹೋಗಲ್ಲ ಸಾಬ್.”

“ಅದು ಅರಿಶಿನ ಅಲ್ಲಪ್ಪ, ಸಿಡಿಮದ್ದು!”

“ಹಂಗಾದ್ರೆ ನಮ್ಮನೆ ದಾಲ್‌ನಲ್ಲೂ ಸಿಡಿಮದ್ದೇ.”

ಮನೆಗೆ ಬಂದು ಅನಂತರಾಮು ನಲವತ್ತೊಂದನೇ ಪುಟ ತಿರುವಿದರು. ಅಡುಗೆಮನೆ, ಉಗ್ರಾಣ, ಕಚೇರಿ ಎಲ್ಲಕ್ಕೂ ನಕ್ಷತ್ರವೇ. ಯಾವುದೆಂದು ಹೇಳುವುದು ಅದರ ಕೆಳಗಿನ ಅಕ್ಷರ. ‘ಸಿ’ ಎಂದರೆ ಅಡುಗೆಯವನು. ಒಂದು ಕಾಲಂ ಖಾಲಿ ಬಿಟ್ಟಿದ್ದಕ್ಕೆ ಎಷ್ಟು ವಿಧವೆಯರ ವಿಮಾ ಅರ್ಜಿಯನ್ನು ಹಿಂದಕ್ಕೆ ಕಳಿಸಿದ್ದರು ಅವರು!

ಮರುದಿನ ಹೊರಮಾವಿಗೆ ಹೊರಟರು. ಟಿನ್ ಫ್ಯಾಕ್ಟರಿ ಸ್ಟಾಪಿನ ಟ್ರಾಫಿಕ್ಕಿನಲ್ಲಿ ಬಸ್ಸು ಇಪ್ಪತ್ತು ನಿಮಿಷ ಕದಲಲಿಲ್ಲ. ಜೀವನದಲ್ಲಿ ಮೊದಲ ಸಲ ಅವರಿಗೆ ಅದು ಇನ್ನಷ್ಟು ಹೊತ್ತು ನಿಂತಿರಲಿ ಎನಿಸಿತು.

ಅಮರಪ್ಪನವರು ಜಗಲಿಯಲ್ಲಿ ಅವರೆಕಾಳು ಹಿತುಕುತ್ತಿದ್ದರು. ಎರಡು ಬೆರಳು ಒತ್ತಿದರೆ ಬೇಳೆ ಪಾತ್ರೆಗೆ, ಸಿಪ್ಪೆ ಮೊರಕ್ಕೆ. ಆ ಕೈ ನೋಡಿಯಾದರೂ ತಿಳಿಯಬೇಕಿತ್ತು.

“ಅಮರಪ್ಪನೋರೆ, ತಪ್ಪಾಯ್ತು. ನೀವು... ಅಲ್ಲಿ...”

“ಅಡುಗೆಯೋನು,” ಎಂದು ಅವರೇ ಮುಗಿಸಿಕೊಟ್ಟರು. “ಹದಿನೈದು ವರ್ಷ. ಇನ್ನೂರು ಜನಕ್ಕೆ.”

“ಆ ಅಕ್ಷರ?”

“ನಾನೇ ಕಿತ್ತಿದ್ದು, ಹೆಣ್ಣು ನೋಡಕ್ಕೆ ಹೋಗೋ ದಿನ. ಹೊಲ ಇದ್ದೋರು ಅವ್ರು, ಅಡುಗೆಯೋನಿಗೆ ಹೆಣ್ಣು ಕೊಡ್ತಾರಾ? ಬರೀ ನಕ್ಷತ್ರ ನೋಡಿ ಮಾವ ನನ್ನನ್ನ ಸಾಹೇಬ ಅಂದ್ಕಂಡ. ಆ ಬಟ್ಟೆ ಮತ್ತೆ ಹಡಗಿಗೆ ತಗಂಡ್ಹೋಗ್ಲಿಲ್ಲ. ಮದ್ವೆ ಆದ ಮೂರನೇ ದಿನ, ಅವಳ ಸಾರು ತಡೀಲಾರ್ದೆ ಅದೇ ಬಟ್ಟೇಲೇ ಎದ್ದೋಗಿ ಸೌಟು ಕಿತ್ಕಂಡೆ. ಆವಾಗ್ಲೇ ಅವಳಿಗೆ ಗೊತ್ತಾಯ್ತು. ಅವಳಪ್ಪ ಸಾಯೋವರ್ಗೂ ಬಾಯಿ ಬಿಡ್ಲಿಲ್ಲ, ಪುಣ್ಯಾತ್ಗಿತ್ತಿ.”

ಬೆರಳುಗಳು ನಿಂತವು.

“ಒಂದು ದಿನಕ್ಕೆ ಅಂತ ಹೇಳಿದ್ ಸುಳ್ಳು ಸ್ವಾಮಿ ಅದು. ನೀವು ಅದಕ್ಕೆ ಬೋರ್ಡ್ ಬರ್ಸಿದ್ರಿ. ಮೊಮ್ಮಗಳು ಊರೆಲ್ಲ ಹೇಳ್ಕಂಡು ಬಂದವ್ಳೆ. ನಾಳೆ ಅವಳ್ ಮುಖ ಹೆಂಗ್ ನೋಡ್ಲಿ?”

ಅನಂತರಾಮು ತಮ್ಮ ಆರಡಿಯ ನಾಚಿಕೆ ಕಳೆದುಕೊಳ್ಳಲು ಬಂದು, ಇನ್ನೊಬ್ಬರು ಐವತ್ತೈದು ವರ್ಷದಿಂದ ಮಡಿಸಿಟ್ಟಿದ್ದನ್ನು ಬಿಚ್ಚಿಸಿದ್ದರು.

“ವೇದಿಕೆ ಮೇಲೆ ನಾನೇ ಹೇಳ್ತೀನಿ. ಗೊತ್ತಿಲ್ದೆ ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ ಅಂತ.”

“ಹೇಳಿ. ಪೂಜಿತಂಗೆ ಇವತ್ತೇ ನಾನ್ ಹೇಳ್ತೀನಿ.”

ಅಲ್ಲಿಗೆ ಎದ್ದು ಬರಬೇಕಿತ್ತು. ಆದರೆ ಬೋರ್ಡಿನ ಬಣ್ಣ ಇನ್ನೂ ಆರಿರಲಿಲ್ಲ. ಅನಂತರಾಮುವಿನೊಳಗಿನ ತಜ್ಞನೂ ಪೂರ್ತಿ ಸತ್ತಿರಲಿಲ್ಲ.

“ಆದ್ರೂ ಅಷ್ಟು ವರ್ಷ ಸಮುದ್ರದ ಮೇಲಿದ್ರಿ. ನಕ್ಷತ್ರ ನೋಡಿ ದಿಕ್ಕು ಗಿಕ್ಕು ಹೇಳೋದು... ಸ್ವಲ್ಪನಾದ್ರೂ?”

ಅಮರಪ್ಪನವರು ಇನ್ನೊಂದು ಕಾಳು ಒತ್ತಿದರು.

“ನಮ್ ಅಡುಗೆಮನೆಗೆ ಕಿಟಕೀನೇ ಇರ್ಲಿಲ್ಲ.”