ಅಮ್ಮ ಹುಡುಕಿದ ಡೇರೆ

ಆ ಕಾಲಕ್ಕೆ "ಕ್ಯಾಂಪ್" ಅನ್ನುವ ಮಾತು ಸರ್ಕಾರಿ ಸಾಹೇಬರುಗಳದ್ದು. ಅಪ್ಪ ಗುಮಾಸ್ತರಾಗಿದ್ದ ಆಫೀಸಿನಲ್ಲಿ ಸಾಹೇಬರ ಕುರ್ಚಿ ಖಾಲಿ ಇದೆ ಅಂದರೆ ಕ್ಯಾಂಪ್ ಹೋಗಿದ್ದಾರೆ ಅಂತಲೇ ಅರ್ಥ. ಟೆಂಟು ಅಂದರೆ ನಮಗೆ ಗೊತ್ತಿದ್ದದ್ದು ನೆಲದ ಮೇಲೆ ಕೂತು ನೋಡುತ್ತಿದ್ದ ಟೆಂಟ್ ಸಿನಿಮಾ, ರೀಲು ಕಡಿದಾಗ ಏಳುತ್ತಿದ್ದ ಶಿಳ್ಳೆ, ಕತ್ತಲಲ್ಲಿ ಹುರಿದ ಕಡಲೆಕಾಯಿಯ ವಾಸನೆ. ಒಂದು ಸಂಸಾರ ತನಗೆಂದೇ ಡೇರೆ ಇಟ್ಟುಕೊಂಡು, ಭಾನುವಾರ ಅದನ್ನು ಹೊತ್ತುಕೊಂಡು ಊರಾಚೆ ಹೋಗಿ ಬರುತ್ತದೆ ಎಂದರೆ ಗವಿಪುರದ ನಮ್ಮ ವಠಾರದಲ್ಲಿ ಯಾರೂ ನಂಬುತ್ತಿರಲಿಲ್ಲ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಒಂದು ಬೇಸಿಗೆಯಲ್ಲಿ ನಾವು ಹಾಗೆ ಹೋಗಿ ಬರುತ್ತಿದ್ದೆವು.

ಅದಕ್ಕೆ ಕಾರಣ ಅಕ್ಕ. ವಿಮಲಕ್ಕ ನನಗಿಂತ ಐದು ವರ್ಷಕ್ಕೆ ದೊಡ್ಡವಳು. ನಾನು ಮೂರನೇ ಕ್ಲಾಸು ಮುಗಿಸಿದ್ದೆ, ಅವಳು ಹೈಸ್ಕೂಲು ಸೇರಿದ್ದಳು. ಹಿಂದಿನ ವರ್ಷದಿಂದ ಅವಳಿಗೆ ಫಿಟ್ಸ್ ಬರುತ್ತಿತ್ತು. ಮಾತಾಡುತ್ತಾ ಇದ್ದವಳು ಸುಮ್ಮನಾಗುತ್ತಿದ್ದಳು, ದೃಷ್ಟಿ ನಮ್ಮನ್ನು ದಾಟಿ ಎಲ್ಲಿಗೋ ಹೋಗುತ್ತಿತ್ತು, ಆಮೇಲೆ ಬೀಳುತ್ತಿದ್ದಳು. ವಠಾರದಲ್ಲಿ ಸಾಲು ಮನೆಗಳು, ಎದುರಿಗೆ ಒಂದೇ ಅಂಗಳ, ಒಂದೇ ನಲ್ಲಿ. ಅಕ್ಕ ಬಿದ್ದಳೆಂದರೆ ಎಲ್ಲ ಮನೆಯವರೂ ಓಡಿ ಬರುತ್ತಿದ್ದರು. ಒಬ್ಬರು ಕಬ್ಬಿಣದ ಬೀಗದ ಕೈ ಹಿಡಿಸುತ್ತಿದ್ದರು, ಇನ್ನೊಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಇಡುತ್ತಿದ್ದರು. ಯಾರೂ ಕೆಟ್ಟವರಲ್ಲ. ಆದರೆ ಅಷ್ಟು ಕಾಲುಗಳ ಮಧ್ಯೆ ಬಿದ್ದ ಅಕ್ಕನ ಲಂಗ ಸರಿಮಾಡುತ್ತಾ ಕೂತ ಅಮ್ಮನ ಮುಖ ನೋಡುವುದು ನನಗೆ ಕಷ್ಟವಾಗುತ್ತಿತ್ತು. ಅಪ್ಪ ಸುಮ್ಮನೆ ಚೊಂಬಿನಲ್ಲಿ ನೀರು ಹಿಡಿದು ನಿಂತಿರುತ್ತಿದ್ದರು. ಆ ನೀರನ್ನು ಏನು ಮಾಡಬೇಕೆಂದು ಅವರಿಗೂ ಗೊತ್ತಿರಲಿಲ್ಲ.

ಡಾಕ್ಟರು ಮಾತ್ರೆ ಬರೆದುಕೊಟ್ಟು, ಮಗೂನ ಮನೆಯಲ್ಲಿ ಮುಚ್ಚಿಡಬೇಡಿ, ಬಯಲಿಗೆ ಕರೆದುಕೊಂಡು ಹೋಗಿ, ನಾಲ್ಕು ಮಕ್ಕಳ ಹಾಗೆ ಓಡಾಡಲಿ ಅಂದರು. ಅಪ್ಪನಿಗೆ ಯಾರಾದರೂ ಏನಾದರೂ ಮಾಡಿ ಎಂದು ಹೇಳಿದರೆ ಸಾಕು ಅನ್ನುವಂತಾಗಿತ್ತು. ಮುಂದಿನ ಭಾನುವಾರವೇ ನಮ್ಮನ್ನು ಲಾಲ್‌ಬಾಗಿಗೆ ಕರೆದುಕೊಂಡು ಹೋದರು. ಬಂಡೆಯ ಹತ್ತಿರ ಕೂತು ಹುಳಿಯನ್ನ ತಿನ್ನುತ್ತಿದ್ದಾಗ ಅಕ್ಕನಿಗೆ ಬಂತು. ಗುಂಪು ಸೇರಿತು. ಯಾರೋ ಒಬ್ಬಾಕೆ ಮೈಮೇಲೆ ದೇವರು ಬಂದಿದೆ ಎಂದುಕೊಂಡು ಕೈಮುಗಿದು, ಮಗನಿಗೆ ಕೆಲಸ ಯಾವಾಗ ಸಿಗುತ್ತೆ ತಾಯಿ ಎಂದು ಅಕ್ಕನನ್ನೇ ಕೇಳತೊಡಗಿದಳು. ಅಮ್ಮ ನಮ್ಮನ್ನು ಎಬ್ಬಿಸಿಕೊಂಡು ನೇರ ಮನೆಗೆ ಬಂದಳು. ಒಲೆ ಹಚ್ಚಿ, ಎಸರಿಗೆ ಇಟ್ಟು, ನಮ್ಮ ಕಡೆ ತಿರುಗದೆ ಹೇಳಿದಳು: "ನಮಗೊಂದು ಟೆಂಟು ಬೇಕು ರೀ. ಅದು ಬೇಗ ಏಳಬೇಕು. ಇವಳು ಬೀಳ್ತಿದ್ದ ಹಾಗೇ ಏಳಬೇಕು."

ಹೀಗೆ ನಮ್ಮ ಡೇರೆಯ ಹುಡುಕಾಟ ಶುರುವಾಯಿತು.

ಮೊದಲು ಹೋದದ್ದು ಮೆಜೆಸ್ಟಿಕ್ ಕಡೆ, ಮಿಲಿಟರಿಯವರು ಹರಾಜು ಹಾಕಿದ ಸಾಮಾನು ಮಾರುವ ಅಂಗಡಿಗೆ. ಒಳಗೆ ಹಳೇ ಬೂಟು, ಕಂಬಳಿ, ನೀರಿನ ಬಾಟಲಿ. ಎಲ್ಲಕ್ಕೂ ಮೇಲಾಗಿ ಕ್ಯಾನ್ವಾಸಿನ ಘಾಟು. ನನಗೆ ಆ ವಾಸನೆ ಬಹಳ ಹಿಡಿಸಿತು. ಅಂಗಡಿಯವರು ಇಬ್ಬರು ಮಲಗುವ ಖಾಕಿ ಡೇರೆ ಬಿಡಿಸಿ ತೋರಿಸಿದರು. ಎಂಥ ಮಳೆಗೂ ಒಂದು ಹನಿ ಸೋರುವುದಿಲ್ಲ, ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ ಎಂದರು. ಅಮ್ಮ ಸೋರುತ್ತದೋ ಇಲ್ಲವೋ ಕೇಳಲಿಲ್ಲ. ಎಷ್ಟು ಬೇಗ ಕಟ್ಟಬಹುದು ಎಂದಳು. ಅವರು ನಕ್ಕು, ಪಿಕ್ನಿಕ್ಕಿಗೆ ತಾನೇ ಹೋಗೋದು, ಏನಮ್ಮಾ ಅಷ್ಟು ಅವಸರ, ನಿಧಾನವಾಗಿ ಕಟ್ಟಿ ಎಂದರು. ಅಮ್ಮ ಅಪ್ಪನ ಮುಖ ನೋಡಿದಳು. ಅಪ್ಪ ನೆಲ ನೋಡಿದರು. ಯಾಕೆ ಅವಸರ ಅನ್ನುವುದನ್ನು ಇಬ್ಬರೂ ಹೇಳಲಾರರು, ಅಕ್ಕ ಅಲ್ಲೇ ನಿಂತು ಮಿಲಿಟರಿ ತಟ್ಟೆಯಲ್ಲಿ ತನ್ನ ಮುಖ ನೋಡಿಕೊಳ್ಳುತ್ತಿದ್ದಳು.

ನೋಡಿ ವಾಪಸು ಕೊಡುತ್ತೇವೆಂದು ಅದನ್ನು ಬಾಡಿಗೆಗೆ ತಂದು, ಗವಿ ಗಂಗಾಧರೇಶ್ವರನ ಗುಡಿಯ ಹಿಂದಿನ ಬಯಲಿನಲ್ಲಿ ಪರೀಕ್ಷೆ ಮಾಡಿದೆವು. ಪರೀಕ್ಷೆ ಹೇಗೆಂದರೆ, ಅಮ್ಮ ನನ್ನನ್ನು ಕರೆದು, ನೀನು ಈಗ ಅಕ್ಕ, ಇಲ್ಲಿ ಬಿದ್ದುಕೋ ಎಂದಳು. ನಾನು ಬಿದ್ದೆ. ಅಮ್ಮ ನನ್ನ ತಲೆ ತೊಡೆಯ ಮೇಲೆ ಇಟ್ಟುಕೊಂಡು, ಹೂಂ, ಕಟ್ಟಿ ಅಂದಳು. ಅಪ್ಪ ಗೂಟ ಹೊಡೆದರು. ಅದು ಕಲ್ಲುನೆಲ, ಗೂಟ ಪುಟಿದು ಬಂತು. ಇನ್ನೊಂದು ಕಡೆ ಹೊಡೆದರು. ಹಗ್ಗ ಕಟ್ಟಿದರೆ ಕಂಬ ವಾಲಿತು, ಕಂಬ ಹಿಡಿದರೆ ಹಗ್ಗ ಸಡಿಲವಾಯಿತು. ಬಿಸಿಲಿಗೆ ನನಗೆ ನಿದ್ದೆಯೇ ಬಂದುಬಿಟ್ಟಿತ್ತು. ಎಚ್ಚರವಾದಾಗ ಅಪ್ಪನ ಷರಟು ಬೆವರಿನಲ್ಲಿ ತೊಯ್ದಿತ್ತು, ಡೇರೆ ಅರ್ಧ ಎದ್ದಿತ್ತು. ಅಮ್ಮ ಇನ್ನೂ ನನ್ನ ಕೈ ಹಿಡಿದೇ ಇದ್ದಳು, ನನಗೆ ನಿಜವಾಗಿಯೂ ಏನೋ ಆಗಿದೆ ಅನ್ನುವ ಹಾಗೆ.

ಅಕ್ಕ ಸ್ವಲ್ಪ ದೂರದಲ್ಲಿ ಕಲ್ಲಿನ ಮೇಲೆ ಕೂತು ನೋಡುತ್ತಿದ್ದಳು. "ನಾನು ಇಷ್ಟು ಹೊತ್ತು ಹೀಗೇ ಬಿದ್ದಿರ್ತೀನಾ?" ಎಂದಳು. ಅಪ್ಪ ಗೂಟ ಕಿತ್ತು ಡೇರೆ ಸುತ್ತತೊಡಗಿದರು.

ಆಮೇಲೆ ಚಾಮರಾಜಪೇಟೆಯಲ್ಲಿ ಶಾಮಿಯಾನ ಬಾಡಿಗೆಗೆ ಕೊಡುವವರ ಹತ್ತಿರ ಹೋದೆವು. ಅಪ್ಪ ಚಿಕ್ಕ ಪರದೆಯಂಥದ್ದು ಏನಾದರೂ ಸಿಗುತ್ತದೆಯೇ ಎಂದು ಕೇಳುತ್ತಿದ್ದಾಗ ಅವರು ಅಕ್ಕನನ್ನು ನೋಡಿ, ಮಗಳು ದೊಡ್ಡವಳಾದ ಫಂಕ್ಷನ್ನಾ ಸಾರ್ ಎಂದು ವಿಚಾರಿಸಿದರು. ಅಮ್ಮ ಅಲ್ಲಿಂದ ಹಾಗೇ ಹೊರಗೆ ಬಂದಳು.

ಕೊನೆಗೆ ಡೇರೆ ಸಿಕ್ಕಿದ್ದು ರಾಜಣ್ಣ ಮಾವನಿಂದ. ಮಾವ ಅಮ್ಮನ ತಮ್ಮ. ಗಾಂಧಿನಗರದಲ್ಲಿ ಸಿನಿಮಾದವರ ಸಾಮಾನು ಸಾಗಿಸುವ ವ್ಯಾನಿನ ಡ್ರೈವರ್. ಹಳ್ಳಿಗಾಡಿನಲ್ಲಿ ಶೂಟಿಂಗ್ ಮಾಡುವಾಗ ನಟಿಯರು ಸೀರೆ ಬದಲಾಯಿಸಲು ಒಂದು ಡೇರೆ ಇರುತ್ತದೆಂದೂ, ಅದು ಛತ್ರಿಯ ಹಾಗೆ ಬಿಚ್ಚಿಕೊಳ್ಳುತ್ತದೆಂದೂ, ಹಳೆಯದೊಂದು ಗೋಡೌನಿನಲ್ಲಿ ಸುಮ್ಮನೆ ಬಿದ್ದಿದೆಯೆಂದೂ ಹೇಳಿ, ಮಾಲೀಕರನ್ನು ಕೇಳಿ ತಂದೇಬಿಟ್ಟ. ನಡುವಿನ ಕೋಲು ಹಿಡಿದು ಮೇಲಕ್ಕೆ ಒಂದು ಸಲ ದಬ್ಬಿದರೆ ಕಡ್ಡಿಗಳು ಪಟಪಟನೆ ಬಿಚ್ಚಿ, ನಾಲ್ಕು ಕಡೆಯೂ ಬಟ್ಟೆ ಇಳಿಯುತ್ತಿತ್ತು. ಪರೀಕ್ಷೆಗೆಂದು ನಾನು ಬೀಳುವುದಕ್ಕೆ ಮೊದಲೇ ಅದು ಎದ್ದು ನಿಂತಿತ್ತು. ಅಮ್ಮ ನಕ್ಕಳು. ಅಮ್ಮ ನಗುವುದನ್ನು ನಾವು ಬಹಳ ದಿನದಿಂದ ನೋಡಿರಲಿಲ್ಲ. "ಸಾಕು ಕಣೋ ರಾಜ, ಇದೇ ಸಾಕು" ಎಂದಳು. ಅದರ ಬಣ್ಣ ಉರಿಯುವ ಕಿತ್ತಳೆ, ಅಂಚಿಗೆ ಹಳದಿ ಪಟ್ಟೆ. ಬಣ್ಣದ ಬಗ್ಗೆ ಯಾರೂ ಯೋಚನೆ ಮಾಡಲಿಲ್ಲ.

ಮೊದಲ ಕೆಲವು ಭಾನುವಾರಗಳು ನನ್ನ ಬಾಲ್ಯದ ಅತಿ ಒಳ್ಳೆಯ ದಿನಗಳು. ಅಮ್ಮ ಕೋಡುಬಳೆ, ಮೊಸರನ್ನ, ಉಪ್ಪು ಖಾರ ಹಚ್ಚಿದ ಸೌತೆಕಾಯಿ ಕಟ್ಟಿಕೊಳ್ಳುತ್ತಿದ್ದಳು. ಮೆಜೆಸ್ಟಿಕ್‌ಗೆ ಹೋಗಿ ಹೆಸರಘಟ್ಟದ ಬಸ್ಸು ಹಿಡಿಯುತ್ತಿದ್ದೆವು. ಕಂಡಕ್ಟರು ಆ ಉದ್ದನೆಯ ಗಂಟಿಗೆ ಲಗೇಜು ಹಾಕಬೇಕೋ ಬೇಡವೋ ಎಂದು ಪ್ರತಿ ಸಲ ಅಪ್ಪನ ಜೊತೆ ವಾದಿಸುತ್ತಿದ್ದ. ಕೆರೆಯ ದಡದಲ್ಲಿ ಡೇರೆ ಬಿಚ್ಚಿ, ಒಳಗೆ ಕೂತು ಹುಣಿಸೆ ಬೀಜದಲ್ಲಿ ಚೌಕಾಬಾರ ಆಡುತ್ತಿದ್ದೆವು. ಬಿಸಿಲು ಬಟ್ಟೆಯ ಮೂಲಕ ಬಂದು ಎಲ್ಲರ ಮುಖವೂ ಕಿತ್ತಳೆಯಾಗಿರುತ್ತಿತ್ತು. ಅಪ್ಪ ಅಲ್ಲಿ ಬೇರೆ ಮನುಷ್ಯ. ಆಫೀಸಿನಲ್ಲಿ ಯಾರಾದರೂ ಕೇಳಿದರೆ ನಾನು ಕ್ಯಾಂಪ್ ಹೋಗಿದ್ದೆ ಅಂತ ಹೇಳ್ತೀನಿ ಎಂದು ಅವರೇ ನಗುತ್ತಿದ್ದರು. ಅಷ್ಟೂ ವಾರ ಅಕ್ಕನಿಗೆ ಬಯಲಿನಲ್ಲಿ ಏನೂ ಆಗಲಿಲ್ಲ. ಡಾಕ್ಟರು ಹೇಳಿದ್ದೇ ಸರಿ ಎಂದು ಅಮ್ಮ ನಂಬತೊಡಗಿದ್ದಳು.

ಆಮೇಲೆ ಆ ಭಾನುವಾರ ಬಂತು. ಅಕ್ಕ, ನಾನು ಕೆರೆಯಂಗಳದಲ್ಲಿ ಗೆರೆ ಎಳೆದು ಕುಂಟೆಬಿಲ್ಲೆ ಆಡುತ್ತಿದ್ದೆವು. ಡೇರೆ ಇನ್ನೂ ಗಂಟಿನಲ್ಲೇ ಇತ್ತು. ಅಕ್ಕ ಒಂದು ಕಾಲೆತ್ತಿ ನಿಂತವಳು ಹಾಗೆಯೇ ನಿಂತಳು. ನಾನು ಅಮ್ಮಾ ಎಂದು ಕೂಗುವಷ್ಟರಲ್ಲಿ ಅಮ್ಮ ಅವಳನ್ನು ಹಿಡಿದುಕೊಂಡಿದ್ದಳು, ಅಪ್ಪ ಕೋಲು ದಬ್ಬಿದ್ದರು. ಕಿತ್ತಳೆ ಬಟ್ಟೆ ಅವರಿಬ್ಬರ ಮೇಲೆ ಇಳಿಯಿತು. ಅಮ್ಮ ಬಯಸಿದಂತೆಯೇ ಆಯಿತು. ಅಪ್ಪ, ನಾನು ಹೊರಗೆ ನಿಂತೆವು. ಹತ್ತಿರದಲ್ಲಿ ಯಾರೂ ಇರಲಿಲ್ಲ, ಗಾಳಿ ಮಾತ್ರ ಬೀಸುತ್ತಿತ್ತು.

ದೂರದಲ್ಲಿ ಬಟ್ಟೆ ಒಗೆಯುತ್ತಿದ್ದವರಲ್ಲಿ ಯಾರೋ ಶೂಟಿಂಗ್ ಎಂದರು. ಆ ಕಡೆ ಆಗಾಗ ಶೂಟಿಂಗ್ ನಡೆಯುತ್ತಿತ್ತು, ಇಂಥ ಡೇರೆಗಳನ್ನು ಅವರು ಕಂಡಿದ್ದರು. ಹುಡುಗರು ಓಡಿ ಬಂದರು, ಹಿಂದೆಯೇ ಹೆಂಗಸರು, ಊಟಕ್ಕೆ ಕೂತಿದ್ದ ಇನ್ನೊಂದು ಪಿಕ್ನಿಕ್ಕಿನವರು ಎಲೆ ಬಿಟ್ಟು ಎದ್ದು ಬಂದರು. ಒಳಗೆ ಯಾರಿದ್ದಾರೆ, ಯಾವ ಹೀರೋಯಿನ್ನು, ಕ್ಯಾಮೆರಾ ಎಲ್ಲಿ ಎಂದು ಕೇಳತೊಡಗಿದರು. ಶೂಟಿಂಗ್ ಅಲ್ಲಪ್ಪಾ, ನಮ್ಮ ಮನೆಯವರು ಎಂದು ಅಪ್ಪ ಹೇಳಿದರು. ಹಾಗೇ ಹೇಳ್ತಾರೆ ಬಿಡಿ ಎಂದು ಯಾರೋ ನಕ್ಕರು. ಒಬ್ಬ ಬಗ್ಗಿ ಬಟ್ಟೆಯ ಅಂಚು ಎತ್ತಲು ಹೋದ. ಅಪ್ಪ ಅದನ್ನು ಕಾಲಿನಲ್ಲಿ ಒತ್ತಿ ಹಿಡಿದರು. ಆಗ ಇನ್ನೊಂದು ಬದಿಯಲ್ಲಿ ಇಣುಕಿದರು. ಅಪ್ಪ ಎರಡೂ ಕೈ ಅಗಲಿಸಿ ಡೇರೆಯ ಸುತ್ತ ಸುತ್ತತೊಡಗಿದರು. ಸಾಹೇಬರ ಮುಂದೆ ಕೂಡ ದನಿ ಏರಿಸದ ಮನುಷ್ಯ. ಅವರಿಗೆ ಗದರುವುದು ಬರುತ್ತಿರಲಿಲ್ಲ. ದಯವಿಟ್ಟು ಹೋಗಿ, ದಯವಿಟ್ಟು ಹೋಗಿ ಎನ್ನುತ್ತಿದ್ದರು.

ನನಗೆ ಒಳಗಿನಿಂದ ಅಕ್ಕನ ಹಿಮ್ಮಡಿ ನೆಲಕ್ಕೆ ಬಡಿಯುವುದು ಕೇಳಿಸುತ್ತಿತ್ತು. ಗಂಟಲಿನಿಂದ ಬರುವ ಆ ಸದ್ದೂ ಕೇಳಿಸಿತು. ಅದು ಇವರಿಗೆ ಕೇಳಿಸಬಾರದೆಂದು ನಾನು ಜೋರಾಗಿ ಮಗ್ಗಿ ಹೇಳತೊಡಗಿದೆ. ಎರಡರದ್ದು ಮುಗಿಸಿ ಮೂರರದ್ದು, ಆಮೇಲೆ ನಾಲ್ಕರದ್ದು. ಗಂಟಲು ಹರಿಯುವ ಹಾಗೆ ಕೂಗಿದೆ. ಇವಳೂ ಸಿನಿಮಾದವಳೇ ಕಣ್ರೋ, ಡೈಲಾಗ್ ಹೇಳ್ತಿದಾಳೆ ಎಂದು ಹುಡುಗರು ಚಪ್ಪಾಳೆ ತಟ್ಟಿದರು. ನನಗೆ ಅಳು ಬರುತ್ತಿತ್ತು, ಮಗ್ಗಿ ನಿಲ್ಲಿಸಲು ಭಯ.

ಒಳಗಿನ ಸದ್ದು ನಿಂತಿತು. ಯಾವಾಗಲೂ ಆಮೇಲೆ ಅಕ್ಕ ನಿದ್ದೆ ಹೋಗುತ್ತಿದ್ದಳು. ಆ ದಿನ ಈ ಗದ್ದಲಕ್ಕೆ ನಿದ್ದೆ ಹತ್ತಲಿಲ್ಲವೋ ಏನೋ, ಬಟ್ಟೆ ಸರಿಸಿ ಹೊರಗೆ ಬಂದುಬಿಟ್ಟಳು. ಹಿಂದಿನಿಂದ ಅಮ್ಮ ಕೈ ಹಿಡಿದು ಎಳೆಯುತ್ತಿದ್ದಳು. ಅಕ್ಕನ ಜಡೆ ಬಿಚ್ಚಿಹೋಗಿತ್ತು. ಕಟವಾಯಿಯಲ್ಲಿ ನೊರೆ ಒಣಗಿತ್ತು. ಲಂಗ ಒದ್ದೆಯಾಗಿತ್ತು. ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಅವಳು ಎಲ್ಲರನ್ನೂ ನೋಡಿದಳು, ಎಲ್ಲರೂ ಅವಳನ್ನು ನೋಡಿದರು. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಮುಂದೆ ಬಂದು, ಹುಷಾರಿಲ್ಲದ ಮಗು ಕಣ್ರೋ, ನಡೀರಿ ಎಂದು ಹುಡುಗರನ್ನು ಅಟ್ಟಿಕೊಂಡು ಹೋದಳು. ಉಳಿದವರು ಒಬ್ಬೊಬ್ಬರೇ ತಲೆ ತಗ್ಗಿಸಿ ಹೋದರು.

ಅಕ್ಕ ಹುಲ್ಲಿನ ಮೇಲೆ ಕೂತು ನೀರು ಕುಡಿದಳು. ಡೇರೆಯ ಕಡೆ ನೋಡದೆಯೇ, "ಅದನ್ನ ಇನ್ನು ತರಬೇಡಿ. ಒಳಗೆ ಉಸಿರು ಕಟ್ಟತ್ತೆ" ಎಂದಳು.

"ಜನ ನೋಡ್ತಾರಲ್ಲ ವಿಮಲಾ" ಎಂದಳು ಅಮ್ಮ.

"ಆವಾಗ ನಂಗೆ ಯಾರೂ ಕಾಣಲ್ಲಮ್ಮ. ಕಾಣೋದು ನಿಮಗೆ."

ಅಮ್ಮ ಅವಳ ಜಡೆ ಹೆಣೆಯಲು ಕೂತಳು. ಹೆಣೆದು, ಬಿಚ್ಚಿ, ಮತ್ತೆ ಹೆಣೆದಳು. ಅಪ್ಪ ಡೇರೆ ಮಡಿಸಲು ಹೋದರು. ಒಂದು ಕಡ್ಡಿ ಬಾಗಿಹೋಗಿತ್ತು, ಏನು ಮಾಡಿದರೂ ಅದು ಮುಚ್ಚಿಕೊಳ್ಳಲಿಲ್ಲ. ಅರ್ಧ ಬಿಚ್ಚಿದ ಆ ಕಿತ್ತಳೆ ಬಟ್ಟೆಯನ್ನು ತಬ್ಬಿಕೊಂಡೇ ಅಪ್ಪ ಬಸ್ಸಿನಲ್ಲಿ ಮೆಜೆಸ್ಟಿಕ್ ತನಕ ನಿಂತು ಬಂದರು.

ಆ ವಾರವೇ ರಾಜಣ್ಣ ಮಾವ ಬಂದು ಡೇರೆ ತೆಗೆದುಕೊಂಡು ಹೋದ. ಮಳೆ ಹಿಡಿಯಿತು, ಸ್ಕೂಲು ಶುರುವಾಯಿತು, ಭಾನುವಾರಗಳು ನಿಂತವು. ಕೆಲವು ವರ್ಷದ ಮೇಲೆ ಇನ್ನೊಬ್ಬ ಡಾಕ್ಟರು ಕೊಟ್ಟ ಮಾತ್ರೆ ಹಿಡಿಯಿತು. ಅಕ್ಕ ಟೈಪಿಂಗ್ ಕಲಿತಳು, ವಿಶ್ವೇಶ್ವರಪುರದ ಒಂದು ಆಫೀಸಿನಲ್ಲಿ ಕೆಲಸಕ್ಕೆ ಸೇರಿದಳು. ಸಂಬಳದ ದಿನ ತಿಂಡಿ ಬೀದಿಯಿಂದ ಅವರೆಬೇಳೆ ಕಟ್ಟಿಸಿಕೊಂಡು ಬರುತ್ತಿದ್ದಳು. ವರ್ಷಗಟ್ಟಲೆ ಒಂದು ಸಲವೂ ಫಿಟ್ಸ್ ಬರಲಿಲ್ಲವಾಗಿ, ನಿಂತೇ ಹೋಯಿತು ಎಂದು ನಾವೆಲ್ಲ ನಂಬಿದೆವು.

ಮೊನ್ನೆ ನನ್ನ ಮಗಳು ರಜೆಗೆ ಹೊರಡಲೆಂದು ಒಂದು ಡೇರೆ ತರಿಸಿದ್ದಳು. ಹಾಲಿನಲ್ಲಿ ಚೀಲದಿಂದ ತೆಗೆದು ಎಸೆದಳು, ಅದು ಗಾಳಿಯಲ್ಲೇ ಬಿಚ್ಚಿಕೊಂಡು ನೆಲಕ್ಕೆ ಬಂತು. ಅವಳ ಮಕ್ಕಳು ಒಳಗೆ ನುಗ್ಗಿ ಜಿಪ್ ಎಳೆದುಕೊಂಡರು. ಹೇಗಿದೆಯಮ್ಮಾ, ಇದನ್ನೇ ಇಟ್ಟುಕೊಳ್ಳಲಾ ಎಂದಳು. ಕಿಟಕಿ ಇರೋದು ನೋಡು ಎಂದೆ, ಒಳಗೆ ಯಾರಿದ್ದಾರೆ ಅಂತ ಹೊರಗಿನವರಿಗೆ ಕಾಣಬೇಕು. ಅವಳು ನಕ್ಕಳು. ಅವಳಿಗೆ ಅವಳ ದೊಡ್ಡಮ್ಮ ಗೊತ್ತಿಲ್ಲ.

ಗುಡಿಯ ಹಿಂದಿನ ಆ ಬಯಲಿನಲ್ಲಿ ಈಗ ಮನೆಗಳಿವೆ, ವಠಾರ ಇಲ್ಲ, ಅಪ್ಪ ಇಲ್ಲ, ಅಮ್ಮ ಇಲ್ಲ. ಅವರಿಗಿಂತ ಮೊದಲೇ ಅಕ್ಕ ಹೋದಳು. ಎಂಬತ್ತರ ದಶಕದ ಕೊನೆಯಲ್ಲಿ ಒಂದು ಬೆಳಿಗ್ಗೆ, ಆಫೀಸಿಗೆ ಹೊರಡುವ ಹೊತ್ತು. ಬಚ್ಚಲುಮನೆಗೆ ಒಳಗಿನಿಂದ ಚಿಲಕ ಹಾಕಿಕೊಂಡು ಸ್ನಾನ ಮಾಡುತ್ತಿದ್ದವಳಿಗೆ ಫಿಟ್ಸ್ ಮತ್ತೆ ಬಂದಿತ್ತು. ನಲ್ಲಿಯ ನೀರು ಸುರಿಯುತ್ತಲೇ ಇದ್ದದ್ದರಿಂದ ನಮಗೆ ಯಾರಿಗೂ ಅನುಮಾನ ಬರಲಿಲ್ಲ. ಅಮ್ಮ ಅವಳ ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದಳು. ಅಪ್ಪ ಬಾಗಿಲು ಮುರಿಯುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಅಮ್ಮ ಆಮೇಲೂ ಬಹಳ ವರ್ಷ ಬದುಕಿದಳು. ಅಕ್ಕನ ಮಾತು ಬಂದಾಗಲೆಲ್ಲ ಅವಳು ಹೇಳುತ್ತಿದ್ದದ್ದು ಒಂದೇ: "ಯಾರಾದ್ರೂ ಒಬ್ಬರು ನೋಡಿದ್ದಿದ್ರೆ."