ಅಜ್ಜಿ ಖಾಲಿ ಬಿಟ್ಟ ಜಾಗ

ಪೆರ್ಡೂರಿನ ನನ್ನ ಅಜ್ಜಿಯ ದನಿ ಮಣಿಪಾಲದ ಒಂದು ಗ್ರಂಥಾಲಯದಲ್ಲಿದೆ ಎಂದು ತಿಳಿದು ಮುಂಬಯಿಯಿಂದ ಬಂದೆ. ಅವಳನ್ನು ನಾನು ಕಂಡವಳಲ್ಲ. ಯಾರೋ ಸಂಶೋಧಕರು ಅವಳೊಬ್ಬಳನ್ನೇ ಕೋಣೆಯಲ್ಲಿ ಕೂರಿಸಿ, ಗದ್ದೆಯಲ್ಲಿ ಭತ್ತದ ನೇಜಿ ನೆಡುವಾಗ ಹೆಂಗಸರು ಹಾಡುವ ತುಳು ಹಾಡು, ಪಾಡ್ದನವನ್ನು ಧ್ವನಿಮುದ್ರಿಸಿಕೊಂಡಿದ್ದರಂತೆ.

“ಕ್ಯಾಸೆಟ್ ಉಂಟು, ಆದರೆ ಹಾಳಾಗಿದೆ,” ಎಂದರು ಗ್ರಂಥಪಾಲಕಿ. “ಪ್ರತಿ ಸಾಲಿನ ನಂತರ ಹಾಡೇ ಇಲ್ಲ. ಆ ಜಾಗ ಕತ್ತರಿಸಿ ಕಾಪಿ ಮಾಡಿಕೊಡ್ಲಾ?”

ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದವಳಿಗೆ ಸಿಟ್ಟೇ ಬಂತು. ಕತ್ತರಿಸುವುದು ಬೇಡ, ಇದ್ದದ್ದನ್ನು ಇದ್ದಂತೆ ಕೇಳಿಸಿ ಎಂದೆ.

ಅಜ್ಜಿ ಒಂದು ಸಾಲು ಹಾಡಿ ಸುಮ್ಮನಾದಳು. ಆ ಮೌನದಲ್ಲಿ ಕಾಗೆಯೊಂದು ಸ್ಪಷ್ಟವಾಗಿ ಕೂಗಿತು. ಟೇಪು ಹಾಳಾಗಿರಲಿಲ್ಲ.

ಪಕ್ಕದಲ್ಲಿ ಕೇಳುತ್ತಿದ್ದ ಗ್ರಂಥಪಾಲಕಿ ಹಣೆ ತಟ್ಟಿಕೊಂಡರು. “ಅಯ್ಯೋ, ಗದ್ದೆಯಲ್ಲಿ ಒಬ್ಬರು ಹೇಳಿದ್ದನ್ನು ಉಳಿದವರು ಪುನಃ ಹೇಳಬೇಕಲ್ವಾ! ಹಿರಿಯಡ್ಕದಲ್ಲಿ ನಮ್ಮ ಅಮ್ಮನೂ ಹಾಗೇ ಹಾಡುತ್ತಿದ್ದದ್ದು. ಇವರು ಉಳಿದವರಿಗೆ ಕಾಯ್ತಾ ಇದ್ದಾರೆ ಮಾರಾಯ್ರೆ.”

ಮುಂದಿನ ಸಾಲು ಮುಗಿಯಿತು. ‘ನಿಶ್ಶಬ್ದ’ ಎಂದು ಬರೆದ ಫಲಕದ ಕೆಳಗೆ ನಿಂತು ಅವರು ಅದನ್ನು ಮೆಲ್ಲಗೆ ಪುನಃ ಹಾಡಿದರು. ಅವರು ಮುಗಿಸಿದ ಕೂಡಲೇ ಅಜ್ಜಿ ಮುಂದಿನದನ್ನು ಎತ್ತಿಕೊಂಡಳು.